ಕೇಳಿಸಿಕೊಳ್ಳಲು ಐನೂರು, ಬಾಗಿಲು ಹಾಕಿಕೊಂಡು ಕೇಳಿಸಿಕೊಳ್ಳಲು ಸಾವಿರದೈನೂರು

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಇರುವ ಒಂದು ಆಡಿಯೊ ಮಳಿಗೆಯಲ್ಲಿ ಸ್ಪೀಕರ್ ಕೊಳ್ಳುವ ಮೊದಲು ಕೇಳಿ ನೋಡಬೇಕೆಂದರೆ ಹಣ ಕಟ್ಟಬೇಕು. ದರಪಟ್ಟಿಯನ್ನು ಗಾಜಿನ ಬಾಗಿಲಿಗೇ ಅಂಟಿಸಿದ್ದಾರೆ. ಹೆಡ್‌ಫೋನ್‌ಗೆ 200 ರೂಪಾಯಿ, ಹೊರಗಿನ ಹಜಾರದಲ್ಲಿ ಸಾಲಾಗಿ ಇಟ್ಟಿರುವ ಸ್ಪೀಕರುಗಳಿಗೆ ಅರ್ಧ ಗಂಟೆಗೆ 500, ಒಳಗಿನ ಪ್ರತ್ಯೇಕ ಕೋಣೆಯಲ್ಲಿ ಒಂದು ಗಂಟೆಗೆ 1,500. ಸಾಮಾನು ಕೊಂಡರೆ ಕಟ್ಟಿದ ಹಣವನ್ನು ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಾರೆ ಎಂದೂ ಬರೆದಿದೆ. ನಾನು 1,500 ಕಟ್ಟಿ ಕೇಳಿ ಬಂದಿದ್ದೇನೆ. ಮಳಿಗೆಯ ಹೆಸರು ಹಾಕುವುದಿಲ್ಲ. ಹೊಗಳುವುದಕ್ಕಿಂತ ತೆಗಳುವುದು ಹೆಚ್ಚಿದೆ, ಅವರಿಗೂ ತಿದ್ದಿಕೊಳ್ಳಲು ಅವಕಾಶ ಇರಲಿ.

ನನ್ನ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನ ತಕರಾರುಗಳು ಎಲ್ಲಿಂದ ಬಂದವು ಎಂದು ತಿಳಿಯುವುದಿಲ್ಲ. ಗದಗ-ಬೆಟಗೇರಿಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವುದು ನಮ್ಮ ಉದ್ಯೋಗ. ಪುರಾಣ, ಪ್ರವಚನ, ಮದುವೆ, ಗಣಪತಿ, ಚುನಾವಣೆ, ಜಾತ್ರೆಯ ನಾಟಕ, ಎಲ್ಲದಕ್ಕೂ ಅಹುಜಾ ಆಂಪ್ಲಿಫೈಯರ್ ಹೊತ್ತು ಕಂಬಕ್ಕೆ ಹಾರ್ನ್ ಕಟ್ಟಿದವನು ನಾನು. ಈಗ ವ್ಯವಹಾರ ಮಗನ ಕೈಯಲ್ಲಿದೆ. ಇಷ್ಟು ವರ್ಷ ಊರಿಗೆಲ್ಲ ಕೇಳಿಸಿದ್ದಾಯಿತು, ಇನ್ನು ಮನೆಯ ಪಡಸಾಲೆಯಲ್ಲಿ ಕುಳಿತು ನನಗಾಗಿ ಕೇಳೋಣ ಎಂದು ಒಂದು ಜೊತೆ ಒಳ್ಳೆಯ ಸ್ಪೀಕರ್ ಹುಡುಕುತ್ತಿದ್ದೇನೆ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ನಮ್ಮ ಜಿಲ್ಲೆಯವರೇ ಆದ ಭೀಮಸೇನ ಜೋಶಿ, ಇಷ್ಟೇ ನನ್ನ ಬೇಡಿಕೆ. ಸಿನಿಮಾದ ಬಾಂಬು ಬೀಳುವ ಸದ್ದು ನನಗೆ ಬೇಕಿಲ್ಲ.

ಕೇಳಿಸಲು ದುಡ್ಡು ತೆಗೆದುಕೊಳ್ಳುವುದೇ ತಪ್ಪು ಎನ್ನುವವರ ಜೊತೆ ನಾನಿಲ್ಲ. ಜವಳಿ ಸಾಲಿನಲ್ಲಿ ಐವತ್ತು ಸೀರೆ ಬಿಚ್ಚಿಸಿ ಒಂದನ್ನೂ ಕೊಳ್ಳದೆ ಎದ್ದರೂ ಅಂಗಡಿಯವನು ಮುಖ ಗಂಟಿಕ್ಕುವುದಿಲ್ಲ, ಮಡಿಸಿ ಮತ್ತೆ ಇಡುತ್ತಾನೆ, ಇವರಿಗೇನು ಧಾಡಿ ಎಂದು ನನ್ನ ಮಗನೇ ಕೇಳಿದ. ಬಿಚ್ಚಿ ಮಡಿಸಿದ ಸೀರೆ ಹೊಸದಾಗಿಯೇ ಉಳಿಯುತ್ತದೆ, ಸಂಜೆ ಇನ್ನೊಬ್ಬರಿಗೆ ಪೂರ್ತಿ ಬೆಲೆಗೆ ಹೋಗುತ್ತದೆ. ಲಕ್ಷ ರೂಪಾಯಿಯ ಸ್ಪೀಕರನ್ನು ಪೆಟ್ಟಿಗೆಯಿಂದ ತೆಗೆದು ನುಡಿಸಲು ಇಟ್ಟ ದಿನವೇ ಅದು ಪ್ರದರ್ಶನದ ಸಾಮಾನು. ಆಮೇಲೆ ರಿಯಾಯಿತಿ ಕೊಟ್ಟೇ ಮಾರಬೇಕು. ಹೆಡ್‌ಫೋನಿನ ಕಿವಿಮೆತ್ತೆಗಳು ಹತ್ತಾರು ಜನರ ಬೆವರು ಕುಡಿದು ಹರಿಯುತ್ತವೆ. ಇದೆಲ್ಲಕ್ಕಿಂತ ದೊಡ್ಡ ಪೆಟ್ಟು ಎಲ್ಲರಿಗೂ ಗೊತ್ತಿರುವುದೇ: ಇಲ್ಲಿ ಎರಡು ಗಂಟೆ ಕುಳಿತು ಕೇಳಿ, ಚಹಾ ಕುಡಿದು, ಮೆಟ್ಟಿಲು ಇಳಿಯುವಷ್ಟರಲ್ಲಿ ಮೊಬೈಲಿನಲ್ಲಿ ಸಾವಿರ ರೂಪಾಯಿ ಕಡಿಮೆಗೆ ತರಿಸಿಕೊಳ್ಳುವವರು. ಅಂಥವರು ಹೆಚ್ಚಾದ ಮೇಲೆಯೇ ಈ ದರಪಟ್ಟಿ ಹಾಕಿದೆವು ಎಂದು ಮಾಲೀಕರು ಹೇಳಿದರು. ನಂಬುತ್ತೇನೆ. ನಮ್ಮ ಉದ್ಯೋಗದಲ್ಲೂ ಮುಂಗಡ ಸಂಚಕಾರ ಪಡೆಯದೆ ಟೆಂಪೊ ಹೊರಡುವುದಿಲ್ಲ.

ಆದರೆ ಪುಕ್ಕಟೆ ಕೇಳಿಸುವಾಗ ಗಿರಾಕಿ ಸಿಕ್ಕಷ್ಟು ಕೇಳಿ ಸುಮ್ಮನಿರಬೇಕಾಗುತ್ತದೆ. ಹಣ ಕಟ್ಟಿದ ಮೇಲೆ ಅವನು ಕೊಂಡದ್ದು ಒಂದು ಗಂಟೆಯ ಕೆಲಸವನ್ನು. ಆ ಕೆಲಸವನ್ನು ಮಳಿಗೆ ಹೇಗೆ ಮಾಡಿತು ಎಂದು ನೋಡಿದರೆ ನೂರಕ್ಕೆ ನಲವತ್ತು ಅಂಕ ಕೊಡಬಹುದು, ಅದರಲ್ಲೂ ಹತ್ತು ಅಂಕ ನನಗೆ ಸ್ಪೀಕರ್ ನುಡಿಸಿ ತೋರಿಸಿದ ಮಳಿಗೆಯ ಹುಡುಗನ ನಡವಳಿಕೆಗೆ.

ಕೋಣೆ ನೋಡಲು ಚೆಂದವಿದೆ. ಹನ್ನೆರಡಕ್ಕೆ ಹದಿನಾಲ್ಕು ಅಡಿ ಇರಬಹುದು, ಎರಡು ಗೋಡೆಗೆ ಬೂದು ಬಣ್ಣದ ಸ್ಪಂಜು, ನೆಲಕ್ಕೆ ದಪ್ಪ ಜಮಖಾನೆ. ಮೂರನೆಯ ಗೋಡೆ ಮಾತ್ರ ಪೂರ್ತಿ ಗಾಜು, ಹೊರಗಿನವರಿಗೆ ಒಳಗಿನ ವೈಭವ ಕಾಣಲೆಂದು. ಗಾಜಿಗೆ ಬಡಿದ ಸದ್ದು ಹಾಗೆಯೇ ವಾಪಸ್ ಬರುತ್ತದೆ. ಎಡಗಡೆ ಸ್ಪಂಜು, ಬಲಗಡೆ ಗಾಜು ಎಂದಾದರೆ ಹಾಡುಗಾರ ನಡುವೆ ಕೂರುವುದಿಲ್ಲ, ಬಲಕ್ಕೆ ಸರಿಯುತ್ತಾನೆ. ಅಲ್ಲಿ ಪರದೆಯ ಕೊಕ್ಕೆಗಳಿದ್ದವು, ಪರದೆ ಇರಲಿಲ್ಲ. ಒಗೆಯಲು ಹೋಗಿದೆ ಎಂದರು.

ಸೋಫಾವನ್ನು ಹಿಂದಿನ ಗೋಡೆಗೆ ಒತ್ತಿ ಇಟ್ಟಿದ್ದರು. ಗೋಡೆಯ ಬುಡದಲ್ಲಿ ತಗ್ಗಿನ ಸ್ವರಗಳು ಉಬ್ಬುತ್ತವೆ. 50 ಹರ್ಟ್ಸ್ ಸದ್ದಿನ ಒಂದು ಅಲೆಯೇ ಹತ್ತಿರ ಹತ್ತಿರ ಏಳು ಮೀಟರ್ ಉದ್ದ, ಅಂಥದ್ದು ಈ ಪುಟ್ಟ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಬಡಿದು ಒಂದು ಕಡೆ ರಾಶಿ ಬೀಳುತ್ತದೆ, ಇನ್ನೊಂದು ಕಡೆ ಇಲ್ಲವೇ ಇಲ್ಲ ಎನಿಸುತ್ತದೆ. ತಬಲಾದ ಎಡಗೈ ಗುಮುಗುಮು ಎನ್ನುತ್ತಿದ್ದುದು ಸ್ಪೀಕರಿನ ಗುಣವಲ್ಲ, ಸೋಫಾದ ಗುಣ. ನಾನು ಎದ್ದು ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು ಮೂರಡಿ ಮುಂದೆ ಹಾಕಿಕೊಂಡೆ. ಹುಡುಗ ಗಾಬರಿಯಾದ. “ಸರ್, ಸೋಫಾದಲ್ಲಿ ಕುಳಿತುಕೊಳ್ಳಿ, ಅದು ಗಿರಾಕಿಗಳಿಗೆ” ಎಂದ. “ಬೇಡ ತಮ್ಮಾ, ಬೆನ್ನಿಗೆ ಇದೇ ಒಳ್ಳೆಯದು” ಎಂದು ಸುಮ್ಮನಾದೆ.

ಎಸಿಯ ಸದ್ದಿನ ಬಗ್ಗೆ ಹೇಳಲೇಬೇಕು. ನನ್ನ ಚೀಲದಲ್ಲಿ ಸದ್ದು ಅಳೆಯುವ ಮೀಟರ್ ಇರುತ್ತದೆ. ಶೋಕಿ ತೋರಿಸಲು ಇಟ್ಟುಕೊಂಡದ್ದಲ್ಲ, ಶಬ್ದಮಾಲಿನ್ಯದ 2000ನೆಯ ಇಸವಿಯ ನಿಯಮಗಳನ್ನು ಪೊಲೀಸರು ಬಿಗಿ ಮಾಡತೊಡಗಿದಾಗ ಕೊಂಡದ್ದು. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಬಂದ್. ಈ ಅಂಕಿಗಳು ನಮಗೆ ಬಾಯಿಪಾಠ. ಆ ಕೋಣೆಯಲ್ಲಿ ಯಾರೂ ಮಾತಾಡದೆ, ಏನೂ ನುಡಿಯದೆ ಇದ್ದಾಗ ಮೀಟರ್ 48 ತೋರಿಸಿತು. ಅಂದರೆ ಮಲಗಿದ ಊರಿಗೆ ಸರಕಾರ ಹಾಕಿದ ಮಿತಿಯನ್ನು ಲಕ್ಷಾಂತರ ರೂಪಾಯಿಯ ಸಾಮಾನು ಕೇಳಿಸುವ ಕೋಣೆಯ ಎಸಿ ಒಂದೇ ದಾಟಿತ್ತು! ತಂಬೂರಿಯ ಜವಾರಿ ಎಂಬ ಝೇಂಕಾರ, ಹಾಡುಗಾರ ಉಸಿರು ತೆಗೆದುಕೊಳ್ಳುವ ಸಣ್ಣ ಸದ್ದು, ಇವನ್ನೆಲ್ಲ ಕೇಳಲಿಕ್ಕೇ ತಾನೇ ಇಷ್ಟು ದುಡ್ಡಿನ ಸ್ಪೀಕರ್? ಎಸಿ ಆರಿಸಿ ಎಂದೆ. ಇಡೀ ಮಹಡಿಗೆ ಒಂದೇ ಗುಂಡಿ, ಆಗುವುದಿಲ್ಲ ಎಂದರು.

ನಾನು ಕೇಳಬೇಕೆಂದು ಆರಿಸಿಕೊಂಡದ್ದು ಎರಡು ಜೊತೆ. ಒಂದು ಕೆಇಎಫ್ ಎಲ್‌ಎಸ್50 ಮೆಟಾ, ಚಿಕ್ಕ ಪೆಟ್ಟಿಗೆ. ಐದೂಕಾಲು ಇಂಚಿನ ಕೋನಿನ ನಡುವಿನಲ್ಲೇ ಮೇಲಿನ ಸ್ವರ ನುಡಿಸುವ ಟ್ವೀಟರ್ ಕೂರಿಸಿದ್ದಾರೆ, ಆದ್ದರಿಂದ ಮೇಲಿನ ಸ್ವರ, ನಡುವಿನ ಸ್ವರ ಎರಡೂ ಒಂದೇ ಬಿಂದುವಿನಿಂದ ಬಂದಂತೆ ಕೇಳಿಸುತ್ತದೆ. ಇನ್ನೊಂದು ವಾರ್ಫ್‌ಡೇಲ್ ಲಿಂಟನ್, ತಗ್ಗಿನ ಸ್ವರಕ್ಕೆ ಎಂಟು ಇಂಚಿನ ವೂಫರ್ ಇರುವ, ಹಳೆಯ ಕಾಲದ ರೇಡಿಯೊ ನೆನಪಿಸುವ ಮರದ ದೊಡ್ಡ ಪೆಟ್ಟಿಗೆ. ಅಲ್ಲಿನ ಬೆಲೆ ಚೀಟಿಯಲ್ಲಿ ಎರಡೂ ಲಕ್ಷ ದಾಟಿದವು. ಹುಡುಗ ಮೊದಲು ಚಿಕ್ಕದನ್ನು ನುಡಿಸಿದ. ಎಲ್ಲ ಆಡಿಯೊ ಮಳಿಗೆಗಳಲ್ಲೂ ಇರುವ ಅದೇ ಗಿಟಾರ್, ಅದೇ ಪಿಸುದನಿಯ ಹೆಂಗಸು. ಒಂದು ನಿಮಿಷವಾದ ಮೇಲೆ ಗುಂಡಿ ಒತ್ತಿ ದೊಡ್ಡದಕ್ಕೆ ಬದಲಿಸಿದ. ಕೋಣೆ ತುಂಬಿ ಬಂತು. “ನೋಡಿ ಸರ್, ವ್ಯತ್ಯಾಸ ಹೇಳುವುದೇ ಬೇಡ” ಎಂದ.

ವ್ಯತ್ಯಾಸ ಹೇಳುವುದೇ ಬೇಕಾಗಿತ್ತು. ಚಿಕ್ಕದರ ಸೆನ್ಸಿಟಿವಿಟಿ, ಅಂದರೆ ಅಷ್ಟೇ ವಿದ್ಯುತ್ ಕೊಟ್ಟಾಗ ಎಷ್ಟು ಜೋರಾಗಿ ನುಡಿಯುತ್ತದೆ ಎಂಬ ಅಳತೆ, 85 ಡೆಸಿಬಲ್, ದೊಡ್ಡದರದ್ದು 90. ಎರಡಕ್ಕೂ ತಯಾರಕರೇ ಅಚ್ಚು ಹಾಕಿಸಿದ ಅಂಕಿ ಇದು. ಆಂಪ್ಲಿಫೈಯರಿನ ಗುಂಡಿಯನ್ನು ಮುಟ್ಟದೆ ಒಂದರಿಂದ ಇನ್ನೊಂದಕ್ಕೆ ಹಾರಿದರೆ ಎರಡನೆಯದು ಐದು ಡೆಸಿಬಲ್‌ನಷ್ಟು ಜೋರಾಗಿಯೇ ನುಡಿಯುತ್ತದೆ. ಮೂರು ಡೆಸಿಬಲ್ ಏರಿಸಲು ಎರಡು ಪಟ್ಟು ವ್ಯಾಟ್ ಬೇಕು, ಐದು ಏರಿಸಲು ಮೂರು ಪಟ್ಟಿಗಿಂತ ಹೆಚ್ಚು. ಮನುಷ್ಯನ ಕಿವಿಗೆ ತುಸು ಜೋರಾದದ್ದೇ ಹೆಚ್ಚು ಸ್ಪಷ್ಟ, ಹೆಚ್ಚು ತುಂಬು ಎನಿಸುತ್ತದೆ. ಅರ್ಧ ಡೆಸಿಬಲ್ ವ್ಯತ್ಯಾಸವಿದ್ದರೆ ಅದು ಜೋರು ಎಂದು ಗೊತ್ತಾಗುವುದೇ ಇಲ್ಲ, ಚೆನ್ನಾಗಿದೆ ಎಂದಷ್ಟೇ ಗೊತ್ತಾಗುತ್ತದೆ. ಈ ವಿದ್ಯೆಯನ್ನು ನಾವು ಪ್ರವಚನದ ಪೆಂಡಾಲಿನಲ್ಲಿ ದಿನವೂ ಬಳಸುತ್ತೇವೆ. ಮುಖ್ಯ ಸ್ವಾಮಿಗಳು ಮೈಕಿನ ಮುಂದೆ ಬಂದಾಗ ಕೈ ತಾನಾಗಿ ಗುಂಡಿಯನ್ನು ಒಂದು ಕೂದಲೆಳೆ ತಿರುಗಿಸುತ್ತದೆ, ಭಕ್ತರಿಗೆ ಧ್ವನಿಯಲ್ಲಿ ತೇಜಸ್ಸು ಕಾಣುತ್ತದೆ.

ಹುಡುಗ ಬೇಕೆಂದೇ ಮಾಡಿದ ಎಂದು ನಾನು ಹೇಳುವುದಿಲ್ಲ. ಅವನಿಗೆ ಯಾರೂ ಕಲಿಸಿಕೊಟ್ಟಿಲ್ಲ. ಮೊಬೈಲಿನಲ್ಲಿ ತಂಬೂರಿಯ ಶ್ರುತಿ ಹಚ್ಚಿಸಿದೆ, ಏರಿಳಿತವಿಲ್ಲದೆ ಒಂದೇ ಸಮ ನುಡಿಯುವುದರಿಂದ ಅಳೆಯಲು ಅದು ಅನುಕೂಲ. ಮೀಟರನ್ನು ಕುರ್ಚಿಯ ಬೆನ್ನಿನ ಮೇಲೆ, ನನ್ನ ಕಿವಿ ಇರುವ ಎತ್ತರಕ್ಕೆ ಹಿಡಿದೆ. ಚಿಕ್ಕದಕ್ಕೆ 72. ಬದಲಿಸಿದ, ದೊಡ್ಡದಕ್ಕೆ 77ರ ಹತ್ತಿರ. ದೊಡ್ಡದನ್ನು ನುಡಿಸುವಾಗ ಗುಂಡಿ ಎಲ್ಲಿಗೆ ಇಳಿಸಬೇಕೋ ಅಲ್ಲಿಗೆ ಹುಡುಗನ ಕೈಯಿಂದಲೇ ಇಳಿಸಿ, ಆಂಪ್ಲಿಫೈಯರಿನ ಪರದೆಯ ಮೇಲೆ ಬಂದ ಎರಡೂ ಅಂಕಿಗಳನ್ನು ಅವನ ಅಂಗೈ ಮೇಲೆ ಬರೆಸಿದೆ. ಇಷ್ಟಕ್ಕೆ ಹಿಡಿದದ್ದು ನಾಲ್ಕೈದು ನಿಮಿಷ. ಪ್ರತಿ ಜೊತೆಗೂ ಒಮ್ಮೆ ಅಳೆದು ಗೋಡೆಗೆ ಚೀಟಿ ಅಂಟಿಸಿಟ್ಟರೆ ಮುಂದೆ ಅದೂ ಹಿಡಿಯುವುದಿಲ್ಲ.

ಅಲ್ಲಿಂದ ಮುಂದಿನ ಇಪ್ಪತ್ತು ನಿಮಿಷಕ್ಕೆ ಮಾತ್ರ ನಾನು ಕೊಟ್ಟ ದುಡ್ಡು ಸಾರ್ಥಕ. ಪೆನ್‌ಡ್ರೈವಿನಲ್ಲಿ ಗಂಗೂಬಾಯಿಯವರ ಹಳೆಯ ಕಛೇರಿಯೊಂದನ್ನು ಒಯ್ದಿದ್ದೆ, ಮಗಳು ಕೃಷ್ಣಾ ಹಾನಗಲ್ ಹಿಂದೆ ಕುಳಿತು ದನಿಗೂಡಿಸಿದ್ದು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ತಗ್ಗಿಗೆ ಇಳಿದ ಆ ತಾಯಿಯ ಧ್ವನಿ ಗಂಡಸರ ಧ್ವನಿಯಷ್ಟೇ ಗಂಭೀರ. ಮನೆಯಲ್ಲಿರುವ ನನ್ನ ಹಳೆಯ ಪೆಟ್ಟಿಗೆಗಳಲ್ಲಿ ಅದು ಬರೀ ದಪ್ಪವಾಗಿ ಕೇಳುತ್ತದೆ. ಚಿಕ್ಕ ಸ್ಪೀಕರಿನಲ್ಲಿ ತಾಯಿ ಮುಂದೆ, ಮಗಳು ಒಂದು ಗೇಣು ಹಿಂದೆ, ಎಡಕ್ಕೆ. ತಾಯಿ ಸ್ವರ ಬಿಟ್ಟಲ್ಲಿ ಮಗಳು ಅದನ್ನು ಎತ್ತಿಕೊಳ್ಳುವ ಹೊತ್ತಿನಲ್ಲಿ ಎರಡೂ ಧ್ವನಿಗಳ ನಡುವಿನ ಜಾಗ ಕೂಡ ಕೇಳಿಸಿತು. ಒಂದು ಕಡೆ ಯಾರೋ ಕೆಮ್ಮಿದರು, ತಬಲಾದವರು ಶ್ರುತಿ ಕೂಡಿಸುವ ಸುತ್ತಿಗೆ ಕೆಳಗಿಟ್ಟರು. ದೊಡ್ಡ ಸ್ಪೀಕರಿನಲ್ಲಿ ಈ ಜಾಗ ಅಷ್ಟು ಬಿಡಿಸಿಕೊಳ್ಳಲಿಲ್ಲ, ಆದರೆ ಧ್ವನಿಗೆ ಎದೆ ಬಂತು. ಮಂದ್ರ ಸಪ್ತಕಕ್ಕೆ ಇಳಿದಾಗ ಎದುರಿಗೆ ಒಂದು ಆಳು ಕುಳಿತ ಹಾಗೆ.

ಆಮೇಲೆ ನಮ್ಮೂರ ಕಡೆಯ ಜಾತ್ರೆಯಲ್ಲಿ ನಾನೇ ಧ್ವನಿಮುದ್ರಿಸಿಕೊಂಡ ಕರಡಿ ಮಜಲು, ಅಂದರೆ ಕರಡಿ ಎಂಬ ಚರ್ಮವಾದ್ಯ ಮತ್ತು ಸನಾದಿಯ ಮೇಳ, ಹಾಕಿಸಿದೆ. ಸ್ಪೀಕರ್ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯದಿಲ್ಲ, ಏಕೆಂದರೆ ಆ ಕರಡಿ ನುಡಿದಾಗ ಹತ್ತಡಿ ದೂರದಲ್ಲಿ ನಾನೇ ನಿಂತಿದ್ದೆ, ಚರ್ಮಕ್ಕೆ ಕಡ್ಡಿ ಬಿದ್ದ ಸದ್ದು ಹೇಗಿತ್ತು ಎಂದು ಬಲ್ಲೆ. ಸನಾದಿ ಎರಡರಲ್ಲೂ ಸೊಗಸಾಗಿ ಬಂತು. ಕರಡಿ ಮಾತ್ರ ಚಿಕ್ಕದರಲ್ಲಿ ಆಟಿಕೆಯಾಯಿತು. ನನ್ನ ಮಟ್ಟಿಗೆ ತೀರ್ಮಾನ ಅಲ್ಲಿಗೆ ಮುಗಿಯಿತು.

ಹಾಗಂತ ಕೊಟ್ಟ ಗಂಟೆ ಪೂರ್ತಿ ಸಿಕ್ಕಿತೇ? ಇಲ್ಲ. ಟಿವಿ ನೋಡಲು ಬಂದ ಒಂದು ಕುಟುಂಬವನ್ನು ಮಾಲೀಕರು ಒಳಗೆ ಕರೆತಂದು “ಇದು ನಮ್ಮ ಸ್ಪೆಷಲ್ ರೂಮು” ಎಂದು ತೋರಿಸಿದರು. ಮಗು ದೊಡ್ಡ ಪೆಟ್ಟಿಗೆಯ ಜಾಲರಿಗೆ ಕೈ ಹಾಕಿತು. ಅವರು ಹೋಗುವವರೆಗೆ ಸಂಗೀತ ನಿಲ್ಲಿಸಿದರು, ಗಡಿಯಾರ ನಿಲ್ಲಿಸಲಿಲ್ಲ. ನಡುವೆ ಹುಡುಗ ಸ್ಪೀಕರ್ ತಂತಿಯ ಮಾತು ತೆಗೆದ. ಮೂರು ಮೀಟರಿಗೆ ಒಂಬತ್ತು ಸಾವಿರ, ಹಾವಿನ ಚರ್ಮದಂಥ ನೇಯ್ಗೆ. ಮೂರು ಮೀಟರ್ ಅಂತರಕ್ಕೆ ಎರಡೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿ ಧಾರಾಳವಾಗಿ ಸಾಕು, ಅದು ದುರ್ಗದ ಬೈಲಿನ ಸುತ್ತಮುತ್ತಲ ಯಾವುದೇ ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಇದು 40,000 ಹರ್ಟ್ಸ್‌ವರೆಗೆ ಹಾಡುತ್ತದೆ ಎಂದು ಇನ್ನೊಂದು ಯಂತ್ರ ತೋರಿಸಿದ. ಎಳೆಯ ಕಿವಿಗೇ 20,000 ಕೊನೆ. ಹಾರ್ನಿನ ಕೆಳಗೆ ಮುದುಕನಾದ ನನ್ನ ಕಿವಿ ಅದರ ಅರ್ಧದಷ್ಟನ್ನು ಕೇಳಿಸಿಕೊಂಡರೂ ದೊಡ್ಡದು.

ಹೊರಗೆ ಬಂದಾಗ ಹೆಡ್‌ಫೋನ್ ಕಟ್ಟೆಯ ಬಳಿ ಇನ್ನೊಂದು ಅನ್ಯಾಯ ನಡೆದಿತ್ತು. ವಿದ್ಯಾನಗರದ ಇಂಜಿನಿಯರಿಂಗ್ ಕಾಲೇಜಿನ ಹುಡುಗನೊಬ್ಬ 200 ರೂಪಾಯಿ ಕಟ್ಟಿ ಸೆನ್‌ಹೈಸರ್ ಎಚ್‌ಡಿ 600 ತಲೆಗೆ ಹಾಕಿಕೊಂಡಿದ್ದ. 1997ರಿಂದ ಮಾರುಕಟ್ಟೆಯಲ್ಲಿರುವ, ಧ್ವನಿಮುದ್ರಣದವರು ಇವತ್ತಿಗೂ ಗೌರವಿಸುವ ಸಾಮಾನು ಅದು. ವಿದ್ಯುತ್ತಿಗೆ ಅದು ಒಡ್ಡುವ ತಡೆಯೇ 300 ಓಮ್ಸ್, ಚೆನ್ನಾಗಿ ಎತ್ತಲು ತಕ್ಕ ಆಂಪ್ಲಿಫೈಯರ್ ಬೇಕು. ಇವರು ಅದನ್ನು ಹುಡುಗನ ಮೊಬೈಲಿನ ಬಾಲಕ್ಕೆ ಸಿಕ್ಕಿಸಿ ಕೈ ತೊಳೆದುಕೊಂಡಿದ್ದರು. ಅದರ ಹಿಂಬದಿ ತೆರೆದಿರುವಂಥದ್ದು, ಆದ್ದರಿಂದ ಹೊರಗಿನ ಟಿವಿಯ ಜಾಹೀರಾತೆಲ್ಲ ಅವನ ಕಿವಿಗೆ ನೇರವಾಗಿ ಹೋಗುತ್ತಿತ್ತು. “ಕಾಕಾ, ಇದಕ್ಕಿಂತ ನನ್ನ ಎರಡು ಸಾವಿರದ್ದೇ ಜೋರಿದೆ” ಎಂದ. ಕಪಾಟಿನಲ್ಲಿ ಹೆಡ್‌ಫೋನ್ ಆಂಪ್ಲಿಫೈಯರ್ ಪ್ಲಾಸ್ಟಿಕ್ ಹಾಳೆ ಸಮೇತ ಕುಳಿತಿತ್ತು. ಅದನ್ನು ಇಳಿಸಿ ಹಚ್ಚಲು ಹೇಳಿದೆ. ನಾಲ್ಕು ಸಲ ಹೇಳಿದ ಮೇಲೆ ಹಚ್ಚಿದರು. ಹುಡುಗನ ಹುಬ್ಬು ಮೇಲೆ ಹೋದದ್ದನ್ನು ನೋಡಿ ಮುಂದೆ ನಡೆದೆ.

ಈಗ ಹಣದ ವಿಷಯ. 1,500ಕ್ಕೆ ರಸೀದಿ ಕೇಳಿದಾಗ ಮೊದಲು ಬಿಳಿ ಚೀಟಿಯಲ್ಲಿ ಬರೆದುಕೊಟ್ಟರು. ಕೆಲಸ ಮಾಡಿಕೊಟ್ಟು ಪಡೆದ ಹಣ, ಜಿಎಸ್‌ಟಿ ಸಂಖ್ಯೆ ಇರುವ ಬಿಲ್ಲೇ ಬೇಕು ಎಂದ ಮೇಲೆ ಯಂತ್ರದಿಂದ ಬಿಲ್ ಬಂತು. ಅದರ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಷರತ್ತುಗಳು: ಹಣ ಮುರಿದುಕೊಳ್ಳುವುದು ಐವತ್ತು ಸಾವಿರ ಮೀರಿದ ಖರೀದಿಗೆ ಮಾತ್ರ, ರಿಯಾಯಿತಿಯ ಸಾಮಾನಿಗೆ ಇಲ್ಲ, ಹದಿನೈದು ದಿನ ಕಳೆದರೆ ಇಲ್ಲ. ಬಾಗಿಲ ಮೇಲಿನ ದೊಡ್ಡ ಅಕ್ಷರದಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ. 500 ಕಟ್ಟಿ ಕೇಳಿ ಮೂವತ್ತು ಸಾವಿರದ ಜೊತೆ ಕೊಳ್ಳುವ ಸಾಮಾನ್ಯ ನೌಕರನಿಗೆ ಚಿಕ್ಕಾಸೂ ವಾಪಸ್ ಇಲ್ಲ ಎಂದಾಯಿತು. ಹಣ ಉಳ್ಳವನಿಗೆ ಮುರಿದುಕೊಡುವುದು, ಇಲ್ಲದವನಿಂದ ಕಿತ್ತುಕೊಳ್ಳುವುದು ಎಂದರೆ ಇದೇ. ಇಡೀ ವ್ಯವಹಾರದಲ್ಲಿ ನನಗೆ ನಿಜವಾಗಿ ಸಿಟ್ಟು ತರಿಸಿದ್ದು ಇದೊಂದು. ಎಸಿ, ಸೋಫಾ, ಪರದೆ ಎಲ್ಲ ಅರಿವಿಲ್ಲದೆ ಆದವು. ಹಿಂಬದಿಯ ಅಕ್ಷರ ಯಾರೋ ಕುಳಿತು ಯೋಚಿಸಿ ಹಾಕಿಸಿದ್ದು.

ಮಾಲೀಕರ ಮುಂದೆ ಹೇಳಿದೆ. ಅವರು ವಾದಕ್ಕೆ ನಿಲ್ಲಲಿಲ್ಲ, ಚಹಾ ತರಿಸಿದರು. ಷರತ್ತುಗಳ ವಿಷಯಕ್ಕೆ “ನೋಡೋಣ” ಎಂದರು. ನಮ್ಮ ಕಡೆ ಅದರ ಅರ್ಥ ಎಲ್ಲರಿಗೂ ಗೊತ್ತು. ಆದರೆ ಇನ್ನೊಂದು ಮಾತು ಅವರಾಗಿಯೇ ತೆಗೆದರು: ಹತ್ತು ಸಾವಿರ ಠೇವಣಿ ಇಟ್ಟರೆ ಪ್ರದರ್ಶನದ ಜೊತೆಯನ್ನೇ ಎರಡು ದಿನ ಮನೆಗೆ ಕೊಡುತ್ತಾರಂತೆ, ಬಾಡಿಗೆ 2,000, ಸಾಗಿಸುವ ಖರ್ಚು ನಮ್ಮದು. ದರಪಟ್ಟಿಯಲ್ಲಿ ಇರಬೇಕಾದ ಮೊದಲ ಸಾಲು ಇದು. ಅದನ್ನೇ ಬರೆದಿಲ್ಲ. ಸ್ಪೀಕರ್ ನುಡಿಯುವುದು ನಮ್ಮ ಮನೆಯ ಗೋಡೆಗಳ ನಡುವೆ, ಅವರ ಗಾಜಿನ ಎದುರಲ್ಲ. ನನ್ನ ಪಡಸಾಲೆಗೆ ಕಡಪಾ ಕಲ್ಲಿನ ನೆಲ, ಒಂದು ಬದಿ ಅಟ್ಟದ ಮೆಟ್ಟಿಲು, ಇನ್ನೊಂದು ಬದಿ ಬೆಟಗೇರಿಯ ಮಗ್ಗದ ಸದ್ದು ಬರುವ ಕಿಟಕಿ. ಆ ಎಂಟು ಇಂಚಿನ ವೂಫರ್ ಅಲ್ಲಿ ಹಾಡುತ್ತದೋ ಗುಮುಗುಮು ಎನ್ನುತ್ತದೋ ಎಂದು ಗೋಕುಲ ರಸ್ತೆಯಲ್ಲಿ ಕುಳಿತು ಯಾರು ಹೇಳಬಲ್ಲರು? ಇದಕ್ಕೆ 2,000 ಕೊಡಲು ನನ್ನ ಜೇಬು ತಕರಾರು ಮಾಡುವುದಿಲ್ಲ.

ಈಗಲೇ ಹೋಗುವವರಿದ್ದರೆ ವಾರದ ನಡುವಿನ ದಿನ, ಬಾಗಿಲು ತೆರೆದ ಹೊತ್ತಿಗೆ ಹೋಗಿ, ಟಿವಿಯವರ ಗದ್ದಲ ಇರುವುದಿಲ್ಲ. ನಿಮಗೆ ಬಾಯಿಪಾಠವಾಗಿರುವ ಹಾಡುಗಳನ್ನೇ ಒಯ್ಯಿರಿ. ಹಜಾರದ 500 ರೂಪಾಯಿಯ ಅರ್ಧ ಗಂಟೆ ದಂಡ, ಅಲ್ಲಿ ನಾಲ್ಕು ಟಿವಿಗಳ ನಡುವೆ ಏನೂ ತಿಳಿಯುವುದಿಲ್ಲ. ಕೊಡುವುದಾದರೆ 1,500 ಕೊಟ್ಟು ಕುರ್ಚಿ ಮುಂದೆ ಎಳೆದುಕೊಂಡು ಕುಳಿತುಕೊಳ್ಳಿ. ಅಂಗೈ ಮೇಲೆ ಅಂಕಿ ಬರೆದುಕೊಂಡ ಆ ಹುಡುಗನನ್ನೇ ಕೇಳಿ ಕರೆಸಿಕೊಳ್ಳಿ, ಅವನಿಗೆ ಈಗ ಎರಡು ಜೊತೆಯನ್ನು ಸಮ ಮಾಡಿ ನುಡಿಸಲು ಬರುತ್ತದೆ.

ಮಗನ ಟೆಂಪೊ ಮುಂದಿನ ಸಲ ಹುಬ್ಬಳ್ಳಿಗೆ ಬಾಡಿಗೆಗೆ ಹೋದಾಗ ಬರುವ ದಾರಿಯಲ್ಲಿ ಲಿಂಟನ್ ಜೊತೆಯನ್ನು ಹೇರಿಕೊಂಡು ಬರಲು ಹೇಳಿದ್ದೇನೆ. ಠೇವಣಿಯ ಷರತ್ತುಗಳನ್ನು ಬಿಲ್ಲಿನ ಮುಂಭಾಗದಲ್ಲಿ, ಓದಲು ಬರುವಷ್ಟು ದಪ್ಪ ಅಕ್ಷರದಲ್ಲಿ ಬರೆದುಕೊಡಬೇಕೆಂದು ಫೋನಿನಲ್ಲಿ ಕೇಳಿದೆ. ಮಾಲೀಕರು ನಕ್ಕು ಒಪ್ಪಿದರು.